ತಡವಾದರೆ ಸುಳ್ಳೇ?

ಗುಬ್ಬಿಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ಹೀಗಳೆದ ಲೇಖನ ಓದಿದೆ. ಎಂಜಿನ್ ಫ್ರಾನ್ಸಿನದು, ಕೆಲಸ ನಿಧಾನ, ಆದ್ದರಿಂದ ‘ಸ್ವದೇಶಿ’ ಎಂಬುದು ಬೂಟಾಟಿಕೆ. ಇದು ಅದರ ವಾದ.

ಮೊದಲು ಎಂಜಿನ್. ಶಕ್ತಿ ಎಂಜಿನ್ ಎಚ್‌ಎಎಲ್ ಮತ್ತು ಫ್ರಾನ್ಸಿನ ಟರ್ಬೊಮೆಕಾ ಕೂಡಿ ರೂಪಿಸಿದ್ದು. ಗುಬ್ಬಿಯಲ್ಲಿ ತಯಾರಾಗುವ ಹಗುರ ಹೆಲಿಕಾಪ್ಟರಿನ ವಿನ್ಯಾಸ ಬೆಂಗಳೂರಿನದು. ಅದು ಬದಲಿಸಬೇಕಾದ ಚೇತಕ್, ಚೀತಾಗಳು ಮಾತ್ರ ಪೂರ್ತಿ ಫ್ರೆಂಚ್ ವಿನ್ಯಾಸದವು. ಇದು ಲೇಖಕರ ಕಣ್ಣಿಗೆ ಬೀಳಲಿಲ್ಲವೇ?

ಇನ್ನು ನಿಧಾನ. ಅವರು ಮೆಚ್ಚುವ ಫ್ರಾನ್ಸನ್ನೇ ನೋಡೋಣ. ಅರೆ ಸ್ವಯಂಚಾಲಿತ ರೈಫಲನ್ನು ಅದು 1917ರಲ್ಲೇ ಕಂದಕದ ಸೈನಿಕರಿಗೆ ಕೊಟ್ಟಿತು. ಆರ್‌ಎಸ್‌ಸಿ ಎಂಬ ಆ ರೈಫಲ್ ಉದ್ದ, ಭಾರ; ಕೆಸರು ಕಂಡರೆ ಮುನಿಸು. ಮುಂದೆ ಹಲವನ್ನು ಅನಿಲ ರಂಧ್ರ ಮುಚ್ಚಿ, ಕೈಯಿಂದ ಬೋಲ್ಟ್ ಎಳೆಯುವ ಬಂದೂಕಾಗಿಸಿದರು! ಹೊಸ ಮಾದರಿ ಸಿದ್ಧವಾಗುವಷ್ಟರಲ್ಲಿ 1940ರ ಜರ್ಮನ್ ದಾಳಿ. ಕೊನೆಗೆ ಎಂಎಎಸ್-49 ಬಂದದ್ದು 1949ರಲ್ಲಿ. 1956ರಲ್ಲಿ ಅದಕ್ಕೂ ತಿದ್ದುಪಡಿ. ಅಂದಮೇಲೆ ಅದು ಫ್ರೆಂಚ್ ರೈಫಲ್ ಅಲ್ಲವೇ?

ಗುಬ್ಬಿಯ ಕಾರ್ಖಾನೆಗೆ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ವರ್ಷಕ್ಕೆ ಮೊದಲು 30, ಮುಂದೆ 60, 90 ಹೆಲಿಕಾಪ್ಟರ್ ಎಂದರು. ಲೇಖಕರು ಕೇಳಬೇಕಿದ್ದುದು ಇದರ ಲೆಕ್ಕವನ್ನು. ಎಚ್‌ಎಎಲ್ ಪ್ರತಿ ವರ್ಷ ಗುಬ್ಬಿಯಿಂದ ಎಷ್ಟು ಹೆಲಿಕಾಪ್ಟರ್ ಹೊರಟವು, ಜಿಲ್ಲೆಯ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದನ್ನು ತುಮಕೂರಿನ ಜನರ ಮುಂದಿಡಲಿ.