‘ಪಾಸ್‌ವರ್ಡ್ ತಪ್ಪು’ ಅಂತ ಹೇಳಿದ್ದು ಯಾರು?

ಮೊದಲೇ ಹೇಳಿಬಿಡ್ತೀನಿ, ಈ ಬರಹ ತಪ್ಪೊಪ್ಪಿಗೆಯೂ ಹೌದು, ಜಗಳವೂ ಹೌದು. ಜಗಳ ನನ್ನದೇ ಜಾತಿಯವರ ಜೊತೆ. ಜಾತಿ ಅಂದ್ರೆ ಬಿಇ ಮುಗಿಸಿ, ಕೊರಳಿಗೆ ಟ್ಯಾಗ್ ನೇತು ಹಾಕಿಕೊಂಡು, ಊರಿಂದ ಫೋನ್ ಬಂದಾಗ ಮೀಟಿಂಗಲ್ಲಿದೀನಿ ಅನ್ನೋ ಜಾತಿ.

ನಮ್ಮೂರು ತಿಪಟೂರಿನ ಕಡೆ. ತೆಂಗಿನ ಸೀಮೆ. ಅಪ್ಪನಿಗೆ ಒಂದು ಚಟ ಇತ್ತು. ಅಂಗಳದಲ್ಲಿ ಮಳೆ ಅಳೆಯೋ ಡಬ್ಬ ಇಟ್ಟುಕೊಂಡು ದಿನಾ ಬೆಳಿಗ್ಗೆ ಎಷ್ಟು ಮಿಲಿಮೀಟರ್ ಬಿತ್ತು ಅಂತ ಬರೆದಿಡೋರು. ಜೊತೆಗೆ ಸುತ್ತಮುತ್ತ ಯಾರ ತೋಟದಲ್ಲಿ ಬೋರ್ ಕೊರೆಸಿದರು, ಎಷ್ಟು ಅಡಿಗೆ ನೀರು ಬಂತು, ಎಷ್ಟು ವರ್ಷಕ್ಕೆ ಬತ್ತಿತು, ಎಲ್ಲದಕ್ಕೂ ಲೆಕ್ಕ. ಬೋರ್ ಹಾಕಿಸೋ ಮುಂಚೆ ಊರಿನವರು ಬಂದು, ‘ಆ ಮೂಲೇಲಿ ಎಷ್ಟು ಅಡಿಗೆ ಸಿಕ್ಕಿತ್ತು ನೋಡಿ’ ಅಂತ ಕೇಳೋರು. ಲಕ್ಷಗಟ್ಟಲೆ ಸಾಲ ಮಾಡಿ ಕೊರೆಸೋರಿಗೆ ಆ ಲೆಕ್ಕ ಹುಡುಗಾಟದ ವಿಷಯ ಆಗಿರಲಿಲ್ಲ.

2014ರಲ್ಲಿ ನಾನು ಒಂದು ಡೆಸ್ಕ್‌ಟಾಪ್ ಕೊಡಿಸಿದೆ. ‘ಪುಸ್ತಕದಲ್ಲಿ ಯಾಕೆ ಬರೀತೀರ, ಎಕ್ಸೆಲ್‌ನಲ್ಲಿ ಹಾಕಿ’ ಅಂದೆ. ಅಪ್ಪ ಅರವತ್ತರ ವಯಸ್ಸಲ್ಲಿ ಎಕ್ಸೆಲ್ ಕಲಿತರು. ಪುಸ್ತಕ ನಿಂತಿತು. ಫೈಲೆಲ್ಲ ಡೆಸ್ಕ್‌ಟಾಪ್ ಮೇಲೇ ಇರೋದು, ಕಣ್ಣಿಗೆ ಕಾಣೋ ಹಾಗೆ.

2021ರ ದೀಪಾವಳಿಗೆ ಹೋದಾಗ ನೋಡಿದೆ, ಊರಿನ ಹೆಸರನ್ನೆಲ್ಲ ಇಂಗ್ಲಿಷಲ್ಲಿ ಹೆಣಗಾಡಿ ಟೈಪ್ ಮಾಡಿದ್ದರು. ಕನ್ನಡದಲ್ಲೇ ಬರೀರಿ ಅಂತ ಕನ್ನಡ ಕೀಬೋರ್ಡ್ ಸೇರಿಸಿ, ಅದನ್ನೇ ಪಟ್ಟಿಯ ಮೇಲಕ್ಕಿಟ್ಟೆ. ಈ ಸೆಟ್ಟಿಂಗನ್ನು ವೆಲ್‌ಕಮ್ ಸ್ಕ್ರೀನಿಗೂ ಕಾಪಿ ಮಾಡಬೇಕಾ ಅನ್ನೋ ಬಾಕ್ಸ್ ಕಾಣಿಸಿತು. ಟಿಕ್ ಹಾಕಿದೆ. ಬಸ್ಸಿಗೆ ಹೊತ್ತಾಗಿತ್ತು, ರೀಸ್ಟಾರ್ಟ್ ಮಾಡಿ ನೋಡಲಿಲ್ಲ.

ಮಾರನೇ ದಿನ ಫೋನು. ‘ಯಾಕೋ ಒಳಗೇ ಬಿಡ್ತಿಲ್ಲ ಕಣಪ್ಪ. ಪಾಸ್‌ವರ್ಡ್ ತಪ್ಪು ಅಂತದೆ.’

‘ಕ್ಯಾಪ್ಸ್ ಲಾಕ್ ನೋಡಿ’ ಅಂದೆ. ನೋಡಿದರು. ‘ಸರಿಯಾಗಿ ಹೊಡೀರಿ’ ಅಂದೆ. ಹೊಡೆದರು. ‘ಅದೇ ಪಾಸ್‌ವರ್ಡ್ ಕಣೋ, ಏಳು ವರ್ಷದಿಂದ ಹೊಡೀತಿದೀನಿ’ ಅಂದರು. ‘ಎಲ್ಲೋ ಮರೆತಿದೀರ ಬಿಡಿ’ ಅಂದೆ. ಈ ಮಾತು ಹೇಳುವಾಗ ಲ್ಯಾಪ್‌ಟಾಪಲ್ಲಿ ಇನ್ನೇನೋ ನೋಡ್ತಾ ಇದ್ದೆ. ಮೂರು ದಿನ ಹೀಗೇ ನಡೀತು. ಕೊನೆಗೆ ‘ತಿಪಟೂರಲ್ಲಿ ಯಾವುದಾದ್ರೂ ಅಂಗಡಿಗೆ ಕೊಡಿ, ಅವರೇ ಸರಿ ಮಾಡ್ತಾರೆ’ ಅಂದೆ. ಅಂಗಡಿಯವನು ಫಾರ್ಮ್ಯಾಟ್ ಹೊಡೆದ. ಮೆಷಿನ್ ಹೊಸದರ ಥರ ಆಯ್ತು. ಏಳು ವರ್ಷದ ಮಳೆ ಹೋಯ್ತು.

ಮುಂದಿನ ತಿಂಗಳು ನನ್ನದೇ ಡೆಸ್ಕ್‌ಟಾಪಿಗೆ ಕನ್ನಡ ಹಾಕಿಕೊಳ್ಳುವಾಗ ಅದೇ ಬಾಕ್ಸಿಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ, ನಾನೇ ಹೊರಗೆ ನಿಂತೆ. ಕೀಲಿ ಒತ್ತಿದ್ದು ಇಂಗ್ಲಿಷ್ ಅಂತ, ಒಳಗೆ ಬಿದ್ದಿದ್ದು ಕನ್ನಡ ಅಕ್ಷರ. ತೆರೆ ಮೇಲೆ ಕಾಣೋದು ಬರೀ ಕಪ್ಪು ಚುಕ್ಕಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದೆ, ಭಾಷೆ ಬದಲಾಯ್ತು, ಒಳಗೆ ಹೋದೆ. ಎರಡು ಸೆಕೆಂಡ್. ಅಪ್ಪನ ಪಾಸ್‌ವರ್ಡ್ ಸರಿಯಾಗೇ ಇತ್ತು. ತಪ್ಪು ನನ್ನದು.

ಈಗ ಜಗಳಕ್ಕೆ ಬರೋಣ.

ನಮ್ಮ ಕಸುಬಿನಲ್ಲಿ ‘ಪೆಬ್‌ಕ್ಯಾಕ್’ ಅಂತ ಒಂದು ಹಳೇ ಜೋಕಿದೆ. ಸಮಸ್ಯೆ ಇರೋದು ಕೀಬೋರ್ಡಿಗೂ ಕುರ್ಚಿಗೂ ನಡುವೆ, ಅಂದ್ರೆ ಕೂತಿರೋ ಮನುಷ್ಯನಲ್ಲಿ ಅಂತ ಅರ್ಥ. ಸಪೋರ್ಟಿನವರು ಹೇಳಿ ನಗ್ತಾರೆ, ನಾವೂ ನಕ್ಕಿದೀವಿ. ಈ ಜೋಕು ಬಹಳ ಅನುಕೂಲದ್ದು. ಒಮ್ಮೆ ಅದನ್ನು ನಂಬಿದರೆ ಮುಂದೆ ಏನನ್ನೂ ಹುಡುಕೋದು ಬೇಕಿಲ್ಲ. ನಾನು ಹುಡುಕದೇ ಇದ್ದಿದ್ದು ಅದಕ್ಕೇ.

ಪಾಸ್‌ವರ್ಡಿನ ಇತಿಹಾಸ ನೋಡಿದ್ರೆ ತಪ್ಪು ಬಹಳ ಸಲ ಕುರ್ಚಿಯ ಈ ಕಡೆ ಇಲ್ಲವೇ ಇಲ್ಲ. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೋ ಕೋರ್ಬಟೋ ಮತ್ತವರ ತಂಡ ಕಟ್ಟಿದ ಸಿಟಿಎಸ್ಎಸ್ ಅನ್ನೋ ವ್ಯವಸ್ಥೆ ಪಾಸ್‌ವರ್ಡ್ ಬಳಸಿದ ಮೊದಲಿನವುಗಳಲ್ಲಿ ಒಂದು. ಅದೇ ದಶಕದಲ್ಲಿ ಅಲ್ಲಿ ಎರಡು ಫೈಲುಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಅಚ್ಚಾಗಿ ಬಂತು. ಅಲ್ಲಿ ಯಾವ ಬಳಕೆದಾರ ಏನು ತಪ್ಪು ಮಾಡಿದ್ದ?

ಇನ್ನು ನಮ್ಮ ಆಫೀಸುಗಳ ನಿಯಮ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ತೊಂಬತ್ತು ದಿನಕ್ಕೊಮ್ಮೆ ಬದಲಾವಣೆ. ಈ ಥರದ ನಿಯಮಗಳನ್ನು ಹಬ್ಬಿಸಿದ್ದು ಅಮೆರಿಕದ ಎನ್ಐಎಸ್‌ಟಿ ಸಂಸ್ಥೆಯ 2003ರ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್, ತಾನು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದ ಇದೆ ಅಂತ 2017ರಲ್ಲಿ ಒಪ್ಪಿಕೊಂಡರು. ಅದೇ ವರ್ಷ ಎನ್ಐಎಸ್‌ಟಿ ತನ್ನ ಮಾತು ತಿದ್ದಿಕೊಂಡಿತು: ಪಾಸ್‌ವರ್ಡ್ ಸೋರಿಕೆ ಆಗಿದೆ ಅನ್ನೋದಕ್ಕೆ ಗುರುತಿದ್ದರೆ ಬದಲಿಸಲು ಹೇಳಿ, ಸುಮ್ಮನೆ ಕ್ಯಾಲೆಂಡರ್ ನೋಡಿ ಬದಲಿಸಬೇಡಿ. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸಿಗೆ ತಾನು ಶಿಫಾರಸು ಮಾಡೋ ಭದ್ರತಾ ಸೆಟ್ಟಿಂಗ್‌ಗಳಿಂದ ಈ ಅವಧಿ ನಿಯಮ ತೆಗೆದುಹಾಕಿತು. ಆದರೂ ನಮ್ಮಲ್ಲಿ ಎಷ್ಟು ಕಂಪನಿಗಳು ಅದನ್ನು ಇನ್ನೂ ಹಿಡಿದುಕೊಂಡಿವೆ, ನಿಮ್ಮ ಕಂಪನಿಯದ್ದನ್ನೇ ನೋಡಿ. ಸೋಮವಾರ ಬೆಳಿಗ್ಗೆ ಕೊನೆಯ ಅಂಕಿ 7 ಇತ್ತೋ 8 ಇತ್ತೋ ಅಂತ ತಡಕಾಡಿ ಲಾಕ್ ಆಗೋ ಮನುಷ್ಯನಿಗೆ ನಾವು ‘ಯೂಸರ್ ಎರರ್’ ಅಂತ ಟಿಕೆಟ್ ಮುಚ್ಚುತ್ತೀವಿ.

‘ಸಂದೇಶ ಬೇಕಂತಲೇ ಅಸ್ಪಷ್ಟವಾಗಿರಬೇಕು, ಕಳ್ಳನಿಗೆ ಸುಳಿವು ಸಿಗಬಾರದು’ ಅನ್ನೋ ವಾದ ನನಗೆ ಗೊತ್ತು. ಬ್ಯಾಂಕಿನ ಜಾಲತಾಣಕ್ಕೆ ಅದು ಸರಿ. ಆದ್ರೆ ಮನೆ ಮೂಲೆಯ ಡೆಸ್ಕ್‌ಟಾಪಿನಲ್ಲಿ ಬಳಕೆದಾರನ ಹೆಸರು, ಫೋಟೋ ಎರಡೂ ತೆರೆ ಮೇಲೇ ಇರ್ತವೆ. ಅಲ್ಲಿ ಯಾರಿಂದ ಏನು ಮುಚ್ಚಿಡ್ತಿದೀವಿ? ಕ್ಯಾಪ್ಸ್ ಲಾಕ್ ಆನ್ ಆಗಿದೆ ಅಂತ ಎಚ್ಚರಿಸೋಕೆ ಬರುತ್ತೆ ಅಂದ್ರೆ, ‘ನೀವು ಕನ್ನಡದಲ್ಲಿ ಟೈಪ್ ಮಾಡ್ತಿದೀರ’ ಅಂತ ಅಷ್ಟೇ ದೊಡ್ಡದಾಗಿ ಹೇಳೋಕೆ ಏನು ಕಷ್ಟ? ಕಷ್ಟ ಇಲ್ಲ. ನಾವು ಯೋಚಿಸಿಲ್ಲ. ನಮ್ಮ ತಲೆಯಲ್ಲಿ ಕೀಬೋರ್ಡ್ ಅಂದ್ರೆ ಇಂಗ್ಲಿಷ್, ಕನ್ನಡ ಅನ್ನೋದು ಆಮೇಲೆ ಹಾಕಿಕೊಳ್ಳೋ ಅಲಂಕಾರ. ಮೂಲೆಯಲ್ಲಿ ಮೂರಕ್ಷರದ ಒಂದು ಗುರುತು ಇರುತ್ತೆ, ನಿಜ. ಅದು ಏನಂತ ಗೊತ್ತಿದ್ದವರಿಗೆ ಮಾತ್ರ ಅದು ಗುರುತು.

ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು ಅಂತೀರ. ಹೌದು, ಇಟ್ಟುಕೊಳ್ಳಬೇಕಿತ್ತು. ಆದರೆ ಪುಸ್ತಕ ಬಿಡಿ ಅಂದವನು ನಾನು. ಒಂದು ಪೆನ್ ಡ್ರೈವ್ ಕೊಟ್ಟು ತಿಂಗಳಿಗೊಮ್ಮೆ ಕಾಪಿ ಮಾಡಿ ಅಂತ ಹೇಳಬೇಕಾದವನೂ ನಾನೇ ಅಲ್ಲವಾ? ಪುಸ್ತಕಕ್ಕೆ ಬ್ಯಾಕಪ್ ಬೇಕಿರಲಿಲ್ಲ, ಲಾಗಿನ್ನೂ ಬೇಕಿರಲಿಲ್ಲ.

ಸರಿ, ಏನು ಮಾಡಬೇಕಿತ್ತು? ಮೊದಲ ಪ್ರಶ್ನೆ, ‘ಹೋದ ಸಲ ಒಳಗೆ ಹೋದ ಮೇಲೆ ಏನು ಬದಲಾಯ್ತು?’ ಇಷ್ಟು ಕೇಳಿದ್ರೆ ‘ನೀನೇ ಏನೋ ಮಾಡಿ ಹೋದೆಯಲ್ಲಪ್ಪ’ ಅನ್ನೋರು, ಕತೆ ಅಲ್ಲಿಗೇ ಮುಗೀತಿತ್ತು. ಎರಡನೇದು, ಮೆಷಿನ್ ಪಾಸ್‌ವರ್ಡನ್ನೇ ತಿರಸ್ಕರಿಸ್ತಿದೆಯಾ, ಇಲ್ಲಾ ಒಪ್ಪಿಕೊಂಡು ವಾಪಸ್ ಬಾಗಿಲಿಗೇ ತಳ್ತಿದೆಯಾ? ಇವೆರಡೂ ಬೇರೆ ಬೇರೆ ರೋಗ.

ತಿರಸ್ಕರಿಸ್ತಿದ್ರೆ ಕಣ್ಣಿನ ಚಿತ್ರ ಇರೋ ಗುಂಡಿ ಒತ್ತಿ ಹಿಡಿದು, ನಿಜಕ್ಕೂ ಏನು ಬಿದ್ದಿದೆ ನೋಡಿ. ಭಾಷೆ ನೋಡಿ. ಪಿನ್ ಆಗಿದ್ರೆ ನಮ್ ಲಾಕ್ ನೋಡಿ, ಅದು ಆಫ್ ಇದ್ದರೆ ಬಲಗಡೆಯ ಅಂಕಿಗಳು ಬೀಳೋದೇ ಇಲ್ಲ. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಬದಲಿಸಿದ್ರಾ ಕೇಳಿ. ಡೆಸ್ಕ್‌ಟಾಪಿಗೆ ನೆಟ್ ಇಲ್ಲದಿದ್ರೆ ಅದಕ್ಕೆ ಆ ಸುದ್ದಿ ಮುಟ್ಟಿರಲ್ಲ, ಹಳೇದನ್ನೇ ಕೇಳ್ತಿರುತ್ತೆ. ಆಫೀಸಿನ ಡೊಮೇನ್ ಮೆಷಿನ್ ಆಗಿದ್ರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತರೆ ಟೈಮ್ ಹಿಂದಕ್ಕೆ ಓಡಿರುತ್ತೆ, ಸರ್ವರಿಗೂ ಮೆಷಿನ್ನಿಗೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕರ್ಬರೋಸ್ ಸಾಮಾನ್ಯವಾಗಿ ಒಪ್ಪಲ್ಲ.

ಒಪ್ಪಿಕೊಂಡು ವಾಪಸ್ ತಳ್ತಿದ್ರೆ ಪಾಸ್‌ವರ್ಡಿನ ಮಾತೇ ಬಿಡಿ. ಉಬುಂಟುವಿನಲ್ಲಿ ಡಿಸ್ಕ್ ತುಂಬಿದರೆ ಹೀಗಾಗುತ್ತೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರದ ತೆರೆಯಲ್ಲಿ ಲಾಗಿನ್ ಆಗಿ ಜಾಗ ಎಷ್ಟಿದೆ ನೋಡಬಹುದು. ವಿಂಡೋಸಿನಲ್ಲಿ ಬಳಕೆದಾರನ ಪ್ರೊಫೈಲ್ ಕೆಟ್ಟಿರಬಹುದು, ಫೈಲುಗಳು ಮಾತ್ರ ಡಿಸ್ಕಿನಲ್ಲೇ ಇರ್ತವೆ.

ಯಾವುದೂ ಆಗಲಿಲ್ಲ ಅಂದ್ರೂ ಫಾರ್ಮ್ಯಾಟ್ ಕೊನೇ ಮಾತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ರೆ ಉಬುಂಟು ಇರೋ ಪೆನ್ ಡ್ರೈವಿನಿಂದ ಬೂಟ್ ಮಾಡಿ ಫೈಲ್ ಎತ್ತಿಕೊಳ್ಳಬಹುದು, ಇಲ್ಲಾ ಡಿಸ್ಕ್ ಬಿಚ್ಚಿ ಇನ್ನೊಂದು ಮೆಷಿನ್ನಿಗೆ ಹಾಕಬಹುದು. ಅಂಗಡಿಯವನನ್ನು ನಾನು ಬಯ್ಯಲ್ಲ. ಅವನಿಗೆ ಫಾರ್ಮ್ಯಾಟಿಗೆ ದುಡ್ಡು ಸಿಗುತ್ತೆ, ಯೋಚನೆಗೆ ಯಾರೂ ಕೊಡಲ್ಲ. ‘ಒಳಗಿರೋದು ಮುಖ್ಯ, ಮೊದಲು ಕಾಪಿ ಮಾಡಿಕೊಳ್ಳಿ’ ಅಂತ ನಾನೇ ಅವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಆಫೀಸಿನಲ್ಲಿ ಒಂದು ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ಓದ್ತೀವಿ. ಮೂಲ ಕಾರಣ ಸಿಗೋ ತನಕ ಬಿಡಲ್ಲ, ಸಿಕ್ಕ ಮೇಲೆ ಅದಕ್ಕೊಂದು ಡಾಕ್ಯುಮೆಂಟ್ ಬರೀತೀವಿ. ಯಾರ ಮೇಲೂ ಗೂಬೆ ಕೂರಿಸಬಾರದು ಅಂತ ಅದಕ್ಕೆ ನಿಯಮ ಬೇರೆ. ಅದೇ ನಾವು ಮನೆಯಿಂದ ಫೋನ್ ಬಂದ್ರೆ ಮೊದಲ ವಾಕ್ಯದಲ್ಲೇ ಗೂಬೆ ಕೂರಿಸ್ತೀವಿ. ಗೊತ್ತಿಲ್ಲದೆ ಮಾಡೋದಲ್ಲ ಇದು. ಆ ಗಿರಾಕಿ ನಮಗೆ ಸಂಬಳ ಕೊಡಲ್ಲ, ಅದಕ್ಕೆ.

ಈಗ ಅಪ್ಪ ಮತ್ತೆ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೀತಾರೆ. ಬೋರ್‌ಗಳ ಲೆಕ್ಕ ಅರ್ಧಂಬರ್ಧ ನೆನಪಿನಿಂದ ತುಂಬಿಸಿದ್ದಾರೆ. ಮಳೆ ಲೆಕ್ಕ ತುಂಬಿಸೋಕೆ ಆಗಲ್ಲ, ಯಾವ ದಿನ ಎಷ್ಟು ಬಿತ್ತು ಅಂತ ಯಾರಿಗೆ ನೆನಪಿರುತ್ತೆ? ಪಾಸ್‌ವರ್ಡ್ ತಪ್ಪಿರಲಿಲ್ಲ, ತಪ್ಪು ನನ್ನದು ಅಂತ ಹೇಳಿದಾಗ ಅವರು ಹೇಳಿದ್ದು ಇಷ್ಟೇ: ‘ನಾನು ಅವತ್ತೇ ಹೇಳ್ದೆನಲ್ಲಪ್ಪ.’

ಹೌದು, ಹೇಳಿದ್ದರು. ಮೂರು ದಿನ ಹೇಳಿದ್ದರು.