ಮೂತ್ರದ ನಳಿಕೆ ಮತ್ತು ವಾರ್ಡಿನ ಕೈಗಳು

ವಯಸ್ಸಾದ ರೋಗಿಗೆ ಮೂತ್ರದ ನಳಿಕೆ ಹಾಕುವುದು ಕೆಲವೊಮ್ಮೆ ಅನಿವಾರ್ಯ. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿದಾಗ, ಐಸಿಯುನಲ್ಲಿ ಗಂಟೆಗಂಟೆಗೆ ಅಳತೆ ಬೇಕಾದಾಗ, ಬೆನ್ನಡಿಯ ಹುಣ್ಣು ಒದ್ದೆಯಾಗದಂತೆ ಕಾಯಬೇಕಾದಾಗ, ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ, ಕೊನೆಗಾಲದ ನೆಮ್ಮದಿಗೆ ಅದು ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರ ಮಾರ್ಗಸೂಚಿಯಲ್ಲಿ ಒಪ್ಪಿದ ಕಾರಣಗಳು ಹೆಚ್ಚುಕಡಿಮೆ ಇಷ್ಟೇ. ಮೂತ್ರ ತಡೆಯಲಾಗದವರಿಗೆ ಆರೈಕೆಯ ಬದಲು ನಳಿಕೆ ಹಾಕಬಾರದೆಂದೂ ಅದರಲ್ಲಿದೆ.

ಆದರೂ ನಳಿಕೆ ಬೇಡದ ದಿನಗಳಲ್ಲೂ ಉಳಿದುಬಿಡುತ್ತದೆ. ಮುಂಬಯಿಯ ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಿಗೆ ವಿರಾರ್, ಕಲ್ಯಾಣಗಳಿಂದಲೂ ಜನ ಬರುತ್ತಾರೆ. ಇಂಥ ದೊಡ್ಡ ಸರಕಾರಿ ವಾರ್ಡುಗಳಲ್ಲಿ ರೋಗಿಯ ಅರ್ಧ ಆರೈಕೆ ಮನೆಯವರದೇ. ಸೊಂಟದ ಮೂಳೆ ಮುರಿದ ಅಜ್ಜಿಗೆ ರಾತ್ರಿ ನಾಲ್ಕು ಸಲ ಬೆಡ್‌ಪ್ಯಾನ್ ಇಡಬೇಕು. ಮಂಚದ ಪಕ್ಕ ಚಾಪೆ ಹಾಸಿ ಮಲಗಿದ ಮಗಳು ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗಬೇಕು. "ಪೈಪ್ ಇರಲಿ ಬಿಡಿ, ಸಿಸ್ಟರ್" ಎಂದು ಅವಳೇ ಕೇಳಿಕೊಂಡರೆ ಆಶ್ಚರ್ಯವಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಆಯಾ ಇಟ್ಟುಕೊಳ್ಳಬಹುದು, ಅಷ್ಟೇ ವ್ಯತ್ಯಾಸ.

ಇದರ ಬೆಲೆ ತೆರುವವರು ರೋಗಿಗಳು. ನಳಿಕೆ ಇದ್ದಷ್ಟು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯ ಸೇರುವ ಸಂಭವ ದಿನಕ್ಕೆ ಶೇಕಡ 3ರಿಂದ 7; ತಿಂಗಳಾದರೆ ಬಹುತೇಕ ಎಲ್ಲರಲ್ಲೂ ಸೇರಿರುತ್ತದೆ. ಎಕ್ಸ್‌ರೇಗೆ ಒಯ್ಯುವಾಗ ಯೂರಿನ್ ಬ್ಯಾಗನ್ನು ವೀಲ್‌ಚೇರಿನಲ್ಲಿ ಕುಳಿತವರ ತೊಡೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಕೆಲಸ ಇನ್ನೂ ಕೆಡುತ್ತದೆ. ಜ್ವರವಿಲ್ಲ, ನೋವಿಲ್ಲ, ಆದರೂ ಕಲ್ಚರ್ ವರದಿ ನೋಡಿ ಆಂಟಿಬಯೋಟಿಕ್ ಶುರುವಾಗುತ್ತದೆ. ಮುಂದೆ ನಿಜವಾದ ಸೋಂಕು ಬಂದಾಗ ಅದೇ ಔಷಧಿ ನಾಟುವುದಿಲ್ಲ. ಮಬ್ಬು ಕವಿದ ಮುದುಕರು ಒಳಗೆ ಬಲೂನು ಉಬ್ಬಿರುವಾಗಲೇ ನಳಿಕೆ ಕಿತ್ತು ರಕ್ತ ಸುರಿಸಿಕೊಳ್ಳುತ್ತಾರೆ. ಉಳಿದವರು ಮಂಚ ಬಿಟ್ಟು ಏಳುವುದೇ ಇಲ್ಲ. ಕಾಲಿನ ಬಲ ಹೋಗುತ್ತದೆ. ಅಮೆರಿಕದ ವೈದ್ಯ ಸಂಜಯ್ ಸೇಂಟ್ ಮತ್ತು ಸಂಗಡಿಗರು 2002ರಲ್ಲಿ ನಳಿಕೆಯನ್ನು ರೋಗಿಯನ್ನು ಕಟ್ಟಿಹಾಕುವ ಸಾಧನಗಳ ಸಾಲಿಗೇ ಸೇರಿಸಿದರು. ಅವರದೇ 2000ದ ಅಧ್ಯಯನದಲ್ಲಿ, ನಳಿಕೆಯಿದ್ದವರ ಪೈಕಿ ಶೇಕಡ 28ರಷ್ಟು ಪ್ರಸಂಗಗಳಲ್ಲಿ ಅದು ಇರುವುದೇ ವೈದ್ಯರಿಗೆ ತಿಳಿದಿರಲಿಲ್ಲ.

ಹಾಗಾಗಿ "ಇವತ್ತೂ ಬೇಕೇ?" ಎಂದು ದಿನವೂ ಕೇಳುವುದು, ಕಾರಣ ತೀರಿದ ಮೇಲೆ ತೆಗೆಯುವ ಅಧಿಕಾರವನ್ನು ನರ್ಸ್‌ಗಳಿಗೇ ಕೊಡುವುದು ಮೊದಲ ಕ್ರಮ. ಇಂಥ ಕ್ರಮಗಳನ್ನು ಅನುಸರಿಸಿದ ಅಮೆರಿಕದ 603 ಆಸ್ಪತ್ರೆಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: ಸಾಮಾನ್ಯ ವಾರ್ಡುಗಳಲ್ಲಿ ನಳಿಕೆಯ ಸೋಂಕು ಮೂರರಲ್ಲೊಂದು ಪಾಲು ಇಳಿದಿತ್ತು, ಐಸಿಯುಗಳಲ್ಲಿ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ.

ಆದರೆ ನಳಿಕೆ ತೆಗೆದ ರಾತ್ರಿ ಬೆಡ್‌ಪ್ಯಾನ್ ಇಡುವವರಿಲ್ಲದಿದ್ದರೆ ಬೆಳಗಾಗುವುದರೊಳಗೆ ಅದು ಮತ್ತೆ ಒಳಗೆ. ಕತ್ತಲಲ್ಲಿ ಎದ್ದು ಹೋಗಿ ಬಿದ್ದರೆ ಯಾರು ಹೊಣೆ ಎಂಬ ಸಿಸ್ಟರ್‌ಗಳ ಅಳುಕೂ ಸುಳ್ಳಲ್ಲ. ಮಂಚದ ಪಕ್ಕ ಕಮೋಡ್ ಕುರ್ಚಿ, ಗಂಡಸರಿಗೆ ಯೂರಿನ್ ಪಾಟ್ ಅಥವಾ ಕಾಂಡೋಮ್ ನಳಿಕೆ, ಎರಡು ಮೂರು ಗಂಟೆಗೊಮ್ಮೆ ತಾವಾಗಿಯೇ ಬಂದು ಕೇಳುವ ಆಯಾ: ಇವಕ್ಕೆ ಹಣ ಎತ್ತಿಡದೆ ಬರೀ ಸುತ್ತೋಲೆ ಹೊರಡಿಸುವುದು ವ್ಯರ್ಥ.

ತೆಗೆದ ಮೇಲೆ ಆರರಿಂದ ಎಂಟು ಗಂಟೆ ಗಮನಿಸಬೇಕು. ಮೂತ್ರ ಹೋಗದಿದ್ದರೆ ಸ್ಕ್ಯಾನ್‌ನಲ್ಲಿ ಎಷ್ಟು ತುಂಬಿದೆಯೆಂದು ನೋಡಿ, ಮತ್ತೆ ನಳಿಕೆ ಹಾಕಿ ಒಮ್ಮೆ ಬಸಿದು ಕೂಡಲೇ ಹೊರತೆಗೆದರೆ ಎಷ್ಟೋ ಸಲ ಸಾಕಾಗುತ್ತದೆ. ನಳಿಕೆಯೊಂದಿಗೇ ಮನೆಗೆ ಹೋಗುವವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದನ್ನು ಯಾವ ತಾರೀಖಿಗೆ, ಯಾವ ಓಪಿಡಿಯಲ್ಲಿ ತೆಗೆಯುತ್ತಾರೆಂದು ಬರೆದಿರಬೇಕು.