ಧ್ವನಿವರ್ಧಕದಿಂದ ಕಬ್ಬಿಣದ ಪರೀಕ್ಷೆ

ತುಕ್ಕಿನಲ್ಲಿಯೂ ಕಬ್ಬಿಣವಿದೆ, ನಮ್ಮ ರಕ್ತದಲ್ಲಿಯೂ ಇದೆ. ಆದರೆ ಎರಡರಲ್ಲಿಯೂ ಅದರ ಸ್ಥಿತಿ ಒಂದೇ ಅಲ್ಲ. ವಸ್ತುವನ್ನು ಕರಗಿಸದೆ ಈ ಭೇದವನ್ನು ಅರಿಯುವುದೆಂತು? 1958ರಲ್ಲಿ ಜರ್ಮನಿಯ ತರುಣ ವಿಜ್ಞಾನಿ ರುಡಾಲ್ಫ್ ಮಾಸ್‌ಬೌವರ್ ಇದಕ್ಕೆ ದಾರಿ ತೋರಿದರು; 1961ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಘನವಸ್ತುವಿನಲ್ಲಿ ಬಂಧಿತವಾದ ಪರಮಾಣುಬೀಜವು ಹಿಂದೊದೆತವಿಲ್ಲದೆ ಗ್ಯಾಮಾ ಕಿರಣವನ್ನು ಸೂಸಬಲ್ಲುದು. ಅಂಥದೇ ಇನ್ನೊಂದು ಬೀಜ ಅದನ್ನು ಹೀರಬಲ್ಲುದು. ಕೋಬಾಲ್ಟ್-57 ಆಕರದ ಕಿರಣವನ್ನು ಕಬ್ಬಿಣ-57 ಹೀರುವುದು ಹೀಗೆಯೇ. ಸುತ್ತಣ ರಾಸಾಯನಿಕ ಪರಿಸರ ಬದಲಾದರೆ ಹೀರಿಕೆಗೆ ಬೇಕಾದ ಶಕ್ತಿಯೂ ಅತ್ಯಲ್ಪವಾಗಿ ಬದಲಾಗುತ್ತದೆ. ಆ ಅಂತರವನ್ನು ಸರಿತೂಗಿಸಲು ಆಕರವನ್ನು ಸೆಕೆಂಡಿಗೆ ಕೆಲವೇ ಮಿಲಿಮೀಟರು ವೇಗದಲ್ಲಿ ಹಿಂದೆಮುಂದೆ ಆಡಿಸಿದರೆ ಸಾಕು!

ಇಷ್ಟಕ್ಕೆ ರೇಡಿಯೋದ ಸಾಧಾರಣ ಧ್ವನಿವರ್ಧಕವೇ ಸಾಲದೆ? ಅದರ ಕಂಪಿಸುವ ಶಂಕುವಿಗೆ ಆಕರವನ್ನು ಜೋಡಿಸಿ, ಎದುರಿಗೆ ಮಾದರಿಯನ್ನೂ ಅದರಾಚೆ ಕಿರಣಗಳನ್ನೆಣಿಸುವ ಸಾಧನವನ್ನೂ ಇಟ್ಟು, ಯಾವ ವೇಗದಲ್ಲಿ ಎಣಿಕೆ ಇಳಿಯಿತೆಂದು ಗುರುತಿಸಬೇಕು. ಅಗ್ಗದ ಉಪಕರಣದ ಗುಟ್ಟು ಇದೇ.

ಅಗ್ಗವಾಗದ ವಸ್ತುವೆಂದರೆ ಆ ಕೋಬಾಲ್ಟ್. ಸುಮಾರು 272 ದಿನಗಳಲ್ಲಿ ಅದರ ಬಲ ಅರ್ಧಕ್ಕಿಳಿಯುತ್ತದೆ. ಬಡ ಕಾಲೇಜುಗಳಿಗೆ ಇದೇ ದೊಡ್ಡ ತೊಡಕು. ವಿಕಿರಣವಸ್ತುವಾದುದರಿಂದ ಅನುಮತಿ ಪಡೆದ ಪ್ರಯೋಗಶಾಲೆಯ ಹೊರಗೆ ಅದನ್ನು ಮುಟ್ಟತಕ್ಕದ್ದಲ್ಲ.

2004ರಲ್ಲಿ ಮಂಗಳಗ್ರಹಕ್ಕಿಳಿದ ಆಪರ್ಚುನಿಟಿ ಯಂತ್ರವು ಇದೇ ತತ್ತ್ವದ ಪುಟ್ಟ ಉಪಕರಣದಿಂದ ಜ್ಯಾರೊಸೈಟ್ ಎಂಬ ಕಬ್ಬಿಣದ ಖನಿಜವನ್ನು ಗುರುತಿಸಿತು. ಅಲ್ಲಿ ಒಂದು ಕಾಲಕ್ಕೆ ನೀರಿತ್ತೆಂಬುದಕ್ಕೆ ಕಬ್ಬಿಣವೇ ಸಾಕ್ಷಿ ನುಡಿಯಿತು!